ದಾಳಿಂಬೆ ಅಂಗಮಾರಿ: ಆ್ಯಂಟಿಬಯೊಟಿಕ್ ಹೋದರೆ ತೋಟವೂ ಹೋಗುತ್ತದೆಯೇ?

ಮುಂಗಾರು ಹತ್ತಿರ ಬಂದಂತೆ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ದಾಳಿಂಬೆ ಬೆಳೆಗಾರರ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಸ್ಟ್ರೆಪ್ಟೋಸೈಕ್ಲಿನ್ ಎಂಬ ಆ್ಯಂಟಿಬಯೊಟಿಕ್ ಹೊಡೆಯಬಹುದೋ, ಹೊಡೆಯಬಾರದೋ? ಆರು ಗ್ರಾಂನ ಈ ಸಣ್ಣ ಪೊಟ್ಟಣ ವರ್ಷಗಟ್ಟಲೆ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗಕ್ಕೆ ಮದ್ದೆಂದು ಬಳಕೆಯಲ್ಲಿತ್ತು. ತಜ್ಞರ ಶಿಫಾರಸುಗಳಲ್ಲೂ ಅದರ ಹೆಸರಿತ್ತು.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಒಂದು ಕರಡು ಆದೇಶ ಹೊರಡಿಸಿತು. ಕೃಷಿ ಬಳಕೆಗಾಗಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಆಮದು ಮಾಡುವುದು, ತಯಾರಿಸುವುದು 2022ರ ಫೆಬ್ರುವರಿ 1ರಿಂದ ನಿಲ್ಲಬೇಕು, 2024ರ ಜನವರಿ 1ರಿಂದ ಬಳಕೆಯೇ ಇರಕೂಡದು ಎಂದು ಅದು ಹೇಳಿತು. ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣದಲ್ಲಿರುವುದು ಇವೆರಡೇ: ಶೇ 90 ಸ್ಟ್ರೆಪ್ಟೊಮೈಸಿನ್, ಶೇ 10 ಟೆಟ್ರಾಸೈಕ್ಲಿನ್. ಇವತ್ತಿಗೂ ಒಬ್ಬ ಸಲಹೆಗಾರ ಬೇಡ ಎನ್ನುತ್ತಾನೆ, ಇನ್ನೊಬ್ಬ ಹೊಡೆಯಿರಿ ಎನ್ನುತ್ತಾನೆ. ಸಾಲ ಮಾಡಿ ತೋಟ ಮಾಡಿದವರಿಗೆ ಈ ಗೊಂದಲ ಸಣ್ಣದಲ್ಲ.

ಔಷಧಿ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಈ ರೋಗ ಗಿಡಕ್ಕೆ ಬರುವುದು ಹೇಗೆಂದು ತಿಳಿಯಬೇಕು. ಅದು ತಿಳಿದರೆ ಜಗಳದ ಅರ್ಧ ಭಾಗ ತಾನಾಗಿಯೇ ಕರಗುತ್ತದೆ.

ಶಿಲೀಂಧ್ರವೇ ಬೇರೆ, ದುಂಡಾಣುವೇ ಬೇರೆ

ಹಣ್ಣಿನ ಬೆಳೆಗಳ ಬಹುಪಾಲು ರೋಗಗಳು ಶಿಲೀಂಧ್ರಗಳಿಂದ ಬರುತ್ತವೆ. ದ್ರಾಕ್ಷಿಯ ಬೂದಿ ರೋಗ, ಮಾವಿನ ಚಿಬ್ಬು ರೋಗ ಈ ಗುಂಪಿನವು. ಶಿಲೀಂಧ್ರದ ಬೀಜಕಣ ಗಾಳಿಯಲ್ಲಿ ತೇಲಿ ಎಲೆಯ ಮೇಲೆ ಕೂರುತ್ತದೆ, ಮೊಳೆಯುತ್ತದೆ. ಅನೇಕ ಶಿಲೀಂಧ್ರಗಳು ಎಲೆಯ ಮೇಲ್ಪದರವನ್ನು ತಾವೇ ಕೊರೆದು ಒಳಗೆ ಹೋಗಬಲ್ಲವು.

ದುಂಡಾಣುವಿಗೆ ಆ ಶಕ್ತಿ ಇಲ್ಲ. ಅದಕ್ಕೆ ತೆರೆದ ಬಾಗಿಲು ಬೇಕು: ಎಲೆಯ ಪತ್ರರಂಧ್ರ, ಕಾಯಿಯ ಮೇಲಿನ ಗೀರು, ಚಾಟ್ನಿ ಮಾಡಿದ (ಟೊಂಗೆ ಸವರಿದ) ಹಸಿ ಗಾಯ, ಹುಳು ಕಚ್ಚಿದ ಜಾಗ. ಹಾಗೆಯೇ ನೀರೂ ಬೇಕು. ತೆಳುವಾದ ನೀರಿನ ಪದರ ಇಲ್ಲದೆ ಅದು ಎಲೆಯ ಮೇಲೆ ಸರಿದಾಡಲಾರದು, ರಂಧ್ರದೊಳಗೆ ಇಳಿಯಲಾರದು. ಒಳಗೆ ಸೇರಿದ ಮೇಲೆ ಮಾತ್ರ ಅದನ್ನು ತಡೆಯುವುದು ಬಹಳ ಕಷ್ಟ. ಜೀವಕೋಶಗಳ ನಡುವಿನ ಸಂದಿಯಲ್ಲಿ ಅದು ಬೆಳೆಯುತ್ತದೆ, ಹೊರಗಿನಿಂದ ಹೊಡೆದ ಮದ್ದು ಅಲ್ಲಿಗೆ ತಲುಪುವುದು ಕಡಿಮೆ.

ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವು ದುಂಡಾಣುವನ್ನು ಮುಟ್ಟುವುದಿಲ್ಲ. ಆ್ಯಂಟಿಬಯೊಟಿಕ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ದಾಳಿಂಬೆ ಕಾಯಿಯ ಮೇಲೆ ಕಂಡ ಪ್ರತಿ ಕಪ್ಪು ಚುಕ್ಕೆಗೂ ಎರಡನ್ನೂ ಬೆರೆಸಿ ಸಿಂಪಡಿಸುವ ರೂಢಿ ಬೆಳೆದಿರುವುದು ಈ ವ್ಯತ್ಯಾಸ ಬಯಲಲ್ಲಿ ಗುರುತಿಸಲು ಸುಲಭವಲ್ಲ ಎಂಬ ಕಾರಣಕ್ಕೆ. ಅಂಗಮಾರಿಯ ಚುಕ್ಕೆ ಮೊದಲು ನೀರಿನಲ್ಲಿ ನೆನೆದಂತೆ, ಎಣ್ಣೆ ಬಿದ್ದಂತೆ ಕಾಣುತ್ತದೆ. ಮಹಾರಾಷ್ಟ್ರದವರು ಅದನ್ನು ‘ತೇಲ್ಯಾ’ ಎಂದು ಕರೆಯುವುದು ಅದಕ್ಕೇ. ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆಯ ಅಂಚು ಅರೆಪಾರದರ್ಶಕವಾಗಿರುತ್ತದೆ, ಆಮೇಲೆ ಸುತ್ತ ಹಳದಿ ಉಂಗುರ ಕಟ್ಟುತ್ತದೆ. ಕಾಯಿಯ ಮೇಲಿನ ಚುಕ್ಕೆ ಕಪ್ಪಾಗಿ, ಉಬ್ಬಿ, ನಡುವೆ ಅಡ್ಡಾದಿಡ್ಡಿ ಸೀಳುತ್ತದೆ. ಟೊಂಗೆಯ ಗೆಣ್ಣಿಗೆ ತಗುಲಿದರೆ ಅಲ್ಲಿ ಸುತ್ತಲೂ ಕಪ್ಪಾಗಿ, ಮುಟ್ಟಿದರೆ ಮುರಿಯುತ್ತದೆ. ಶಿಲೀಂಧ್ರದ ಚುಕ್ಕೆಗಳಿಗೆ ಈ ಎಣ್ಣೆಗಟ್ಟಿದ ಅಂಚು ಇರುವುದಿಲ್ಲ. ಅನುಮಾನವಿದ್ದಾಗ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಎಲೆಯ ತುಣುಕನ್ನಿಟ್ಟು ನೋಡಿದರೆ ದುಂಡಾಣುಗಳು ಮಂಜಿನಂತೆ ಹೊರಕ್ಕೆ ಹರಿಯುವುದು ಕಾಣುತ್ತದೆ. ಅಷ್ಟು ಸರಳ ಪರೀಕ್ಷೆ ಮಾಡಿಸದೆ ಸಾವಿರಾರು ರೂಪಾಯಿ ಔಷಧಿಗೆ ಸುರಿಯುವ ಸ್ಥಿತಿ ಇರುವುದು ನಿಜಕ್ಕೂ ನೋವಿನ ವಿಷಯ.

ರೋಗ ಬಂದದ್ದು ಸಸಿಯ ಜೊತೆ

ಕ್ಸಾಂಥೊಮೊನಾಸ್ ಎಂಬ ಕುಲದ ದುಂಡಾಣುವೊಂದು ಈ ರೋಗಕ್ಕೆ ಕಾರಣ. ನಿಂಬೆ, ಮೋಸಂಬಿಯ ಕಜ್ಜಿ ರೋಗ ತರುವುದು ಇದರ ಹತ್ತಿರದ ಬಂಧು. ದಾಳಿಂಬೆಯಲ್ಲಿ ಇದು ಭಾರತದಲ್ಲಿ ಮೊದಲು ವರದಿಯಾದದ್ದು ದೆಹಲಿಯಿಂದ, 1952ರಲ್ಲಿ. 1959ರ ಹೊತ್ತಿಗೆ ಬೆಂಗಳೂರಿನಿಂದಲೂ ವರದಿ ಬಂತು. ನಂತರದ ದಶಕಗಳಲ್ಲಿ ಅದು ದೊಡ್ಡ ಸಮಸ್ಯೆಯಾಗಿರಲಿಲ್ಲ. 2000ದ ನಂತರದ ವರ್ಷಗಳಲ್ಲಿ ಉತ್ತರ ಕರ್ನಾಟಕ, ಮಹಾರಾಷ್ಟ್ರ, ಆಂಧ್ರದ ತೋಟಗಳಲ್ಲಿ ಅದು ಸಾಂಕ್ರಾಮಿಕವಾಗಿ ಎದ್ದಿತು. ತೀವ್ರವಾಗಿ ತಗುಲಿದ ತೋಟಗಳಲ್ಲಿ ಮುಕ್ಕಾಲು ಬೆಳೆ, ಕೆಲವೆಡೆ ಪೂರ್ತಿ ಬೆಳೆಯೇ ಹೋಯಿತು. ಬೇಸತ್ತ ರೈತರು ಫಲ ಕೊಡುವ ಗಿಡಗಳನ್ನೇ ಕಿತ್ತು ಹಾಕಿದರು.

ಅರ್ಧ ಶತಮಾನ ಮೂಲೆಯಲ್ಲಿದ್ದ ರೋಗ ಹೀಗೆ ಒಮ್ಮೆಲೇ ಹಬ್ಬಿದ್ದೇಕೆ? ದಾಳಿಂಬೆಗೆ ಒಳ್ಳೆ ಬೆಲೆ ಬಂದು, ಹನಿ ನೀರಾವರಿ ಬಂದು, ಬಯಲುಸೀಮೆಯಲ್ಲಿ ವಿಸ್ತೀರ್ಣ ಬೇಗ ಬೇಗ ಹೆಚ್ಚಿತು. ಎಲ್ಲರಿಗೂ ಬೇಕಾದದ್ದು ಕೆಂಪು ಬಣ್ಣದ, ದೂರದ ಮಾರುಕಟ್ಟೆಗೆ ತಾಳುವ ಭಗವಾ ತಳಿ. ಅದು ಅಂಗಮಾರಿಗೆ ಸುಲಭವಾಗಿ ತುತ್ತಾಗುವ ತಳಿ. ಅಷ್ಟೊಂದು ಸಸಿ ಒದಗಿಸಲು ಫಲ ಬಿಡುತ್ತಿರುವ ತೋಟಗಳಲ್ಲೇ ಗೂಟಿ ಕಟ್ಟಿ, ಅಂದರೆ ಗಿಡದ ಟೊಂಗೆಯಲ್ಲೇ ಬೇರು ಬರಿಸಿ ಸಸಿ ಮಾಡಿ, ಮಾರುವುದು ನಡೆಯಿತು. ಟೊಂಗೆಯಲ್ಲಿ ದುಂಡಾಣು ಇದ್ದರೂ ಕೆಲಕಾಲ ಗುರುತು ಕಾಣದಿರಬಹುದು. ನೋಡಲು ಹಸಿರಾಗಿದ್ದ ಗೂಟಿ ಸಸಿ ಲಾರಿ ಹತ್ತಿ ಜಿಲ್ಲೆ ದಾಟಿತು, ರೋಗವೂ ಅದರೊಂದಿಗೆ ದಾಟಿತು.

ಮಳೆಹನಿಗೆ ಸೋಲಾಪುರದಿಂದ ಚಿತ್ರದುರ್ಗಕ್ಕೆ ಬರುವ ಶಕ್ತಿ ಇಲ್ಲ. ಅಷ್ಟು ದೂರ ರೋಗವನ್ನು ಒಯ್ದದ್ದು ಮನುಷ್ಯರ ವ್ಯಾಪಾರ. ಈ ಮಾತು ಮುಖ್ಯ, ಏಕೆಂದರೆ ಸಸಿಯೊಳಗೆ ಕುಳಿತು ಬಂದ ದುಂಡಾಣುವನ್ನು ಯಾವ ಸಿಂಪಡಣೆಯೂ ಪೂರ್ತಿ ತೆಗೆಯಲಾರದು.

ತೋಟದೊಳಗೆ ಹಬ್ಬುವ ದಾರಿ

ಒಂದು ಗಿಡಕ್ಕೆ ಬಂದ ಮೇಲೆ ಮುಂದಿನ ಕೆಲಸ ಮಳೆಯದು. ಚುಕ್ಕೆಯಿಂದ ಜಿನುಗಿದ ಅಂಟಿನಲ್ಲಿ ಲೆಕ್ಕವಿಲ್ಲದಷ್ಟು ದುಂಡಾಣುಗಳಿರುತ್ತವೆ. ಹನಿ ಅದರ ಮೇಲೆ ಬಿದ್ದು ಸಿಡಿದಾಗ ಪಕ್ಕದ ಟೊಂಗೆಗೆ ತಲುಪುತ್ತವೆ. ಗಾಳಿ ಸೇರಿದ ಮಳೆಯಾದರೆ ಪಕ್ಕದ ಸಾಲಿಗೆ, ಪಕ್ಕದ ಹೊಲಕ್ಕೆ. ದಾಳಿಂಬೆ ಮುಳ್ಳಿನ ಗಿಡ. ಗಾಳಿಗೆ ಟೊಂಗೆಗಳು ಉಜ್ಜಿದಾಗ ತನ್ನ ಮುಳ್ಳಿನಿಂದ ತನ್ನದೇ ಎಲೆ, ಕಾಯಿಗಳಿಗೆ ಗೀರು ಮಾಡಿಕೊಳ್ಳುತ್ತದೆ. ದುಂಡಾಣುವಿಗೆ ಬಾಗಿಲು ತೆರೆಯುವುದೂ ಅದನ್ನು ಅಲ್ಲಿಗೆ ಒಯ್ಯುವುದೂ ಒಂದೇ ಮಳೆಗಾಳಿ.

ಇಪ್ಪತ್ತೆಂಟರಿಂದ ಮೂವತ್ತು ಡಿಗ್ರಿ ಉಷ್ಣತೆ, ಶೇ 80ಕ್ಕಿಂತ ಹೆಚ್ಚಿನ ತೇವಾಂಶ, ಮೋಡ ಕವಿದ ದಿನಗಳು, ಬಿಟ್ಟು ಬಿಟ್ಟು ಬರುವ ಮಳೆ: ಇವು ಸೇರಿದರೆ ರೋಗ ಭರದಿಂದ ಹಬ್ಬುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಬಯಲುಸೀಮೆಯ ಹವೆ ಬಹುಮಟ್ಟಿಗೆ ಇದೇ.

ಕತ್ತರಿಯದು ಇನ್ನೊಂದು ದಾರಿ. ಚಾಟ್ನಿ ಮಾಡುವ ತಂಡಗಳು ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗುತ್ತವೆ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್‌ನಂಥ ಸೋಂಕುನಿವಾರಕದಲ್ಲಿ ಅದ್ದದಿದ್ದರೆ, ಹಸಿ ಗಾಯಕ್ಕೆ ಕೈಯಾರೆ ರೋಗ ಹಚ್ಚಿದಂತೆಯೇ. ಗಿಡಗಳಿಗೆ ಮಾಡುವ ಈ ಕೆಲಸವನ್ನು ಒಂದೇ ಸೂಜಿಯಲ್ಲಿ ಊರಿಗೆಲ್ಲ ಚುಚ್ಚುಮದ್ದು ಕೊಡುವುದಕ್ಕೆ ಹೋಲಿಸಬಹುದು. ಚಾಟ್ನಿಯ ಕೂಲಿ ಗಿಡದ ಲೆಕ್ಕದಲ್ಲಿ ನಿಗದಿಯಾದಲ್ಲಿ, ಪ್ರತಿ ಗಿಡಕ್ಕೂ ಕತ್ತರಿ ಅದ್ದುವ ಸಮಯವನ್ನು ಕೂಲಿಕಾರ ತನ್ನ ಗಳಿಕೆಯಿಂದ ಕೊಡಬೇಕಾಗುತ್ತದೆ. ಹಾಗಾಗಿ ಈ ತಪ್ಪನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. ಅದರ ಹೊಣೆ ತೋಟದ ಯಜಮಾನನದು.

ಕೊನೆಯದಾಗಿ ಕಸ. ಉದುರಿದ ಎಲೆ, ಸೀಳಿ ಬಿದ್ದ ಕಾಯಿ, ಕತ್ತರಿಸಿದ ಟೊಂಗೆಗಳಲ್ಲಿ ದುಂಡಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಬದುವಿಗೆ ಎಸೆದ ರೋಗದ ಕಾಯಿ ಮುಂದಿನ ಹಂಗಾಮಿಗೆ ಕಾಯ್ದಿಟ್ಟ ಬೀಜವೇ ಸರಿ.

ಬಹಾರ್ ಆಯ್ಕೆ: ನೀರಿದ್ದವರಿಗೊಂದು, ಇಲ್ಲದವರಿಗೊಂದು

ರೋಗದ ಚರ್ಚೆಯಲ್ಲಿ ಅತಿ ಕಡಿಮೆ ಮಾತಿಗೆ ಬರುವ, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಸಂಗತಿ ಇದು. ದಾಳಿಂಬೆಗೆ ವರ್ಷದಲ್ಲಿ ಮೂರು ಬಾರಿ ಹೂ ಬರಿಸಬಹುದು. ಜನವರಿ-ಫೆಬ್ರುವರಿಯದು ಅಂಬೆ ಬಹಾರ್, ಜೂನ್-ಜುಲೈನದು ಮೃಗ ಬಹಾರ್, ಸೆಪ್ಟೆಂಬರ್-ಅಕ್ಟೋಬರ್‌ನದು ಹಸ್ತ ಬಹಾರ್. ಇವುಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಮುನ್ನ ನೀರು ಬಿಗಿಹಿಡಿದು, ಎಲೆ ಉದುರಿಸಿ, ಮತ್ತೆ ನೀರು ಕೊಟ್ಟು ಹೂ ತರಿಸುವುದನ್ನು ಬಹಾರ್ ಹಿಡಿಯುವುದು ಎನ್ನುತ್ತಾರೆ.

ಮೃಗ ಬಹಾರ್ ಹಿಡಿದರೆ ಹೂವಿನಿಂದ ಎಳೆಗಾಯಿವರೆಗಿನ ಬೆಳವಣಿಗೆಯೆಲ್ಲ ಮಳೆಗಾಲದಲ್ಲಿ. ಎಳೆ ಚಿಗುರು, ಎಳೆ ಕಾಯಿ, ತೇವದ ಹವೆ ಎಲ್ಲವೂ ಒಂದೇ ಹೊತ್ತಿಗೆ ದುಂಡಾಣುವಿನ ಕೈಗೆ ಸಿಗುತ್ತವೆ. ಅಂಬೆ ಬಹಾರ್‌ನಲ್ಲಿ ಕಾಯಿ ಬೇಸಿಗೆಯಲ್ಲಿ ಬೆಳೆದು, ಕೊಯ್ಲಿನ ಮುನ್ನ ಮಳೆಗೆ ಸಿಕ್ಕಿಬೀಳುತ್ತದೆ. ಹಸ್ತ ಬಹಾರ್‌ನಲ್ಲಿ ಕಾಯಿ ಬೆಳೆಯುವುದು ಚಳಿಗಾಲದ ಒಣ ಹವೆಯಲ್ಲಿ. ರೋಗ ಕಡಿಮೆ. ಅಂಗಮಾರಿ ಇರುವ ಕಡೆ ಹಸ್ತ ಬಹಾರ್ ಹಿಡಿಯಿರಿ, ಕೊಯ್ಲಿನ ನಂತರ ಗಿಡಕ್ಕೆ ಮೂರು-ನಾಲ್ಕು ತಿಂಗಳು ವಿಶ್ರಾಂತಿ ಕೊಡಿ ಎಂದು ತಜ್ಞರು ಹೇಳುವುದು ಇದಕ್ಕಾಗಿ.

ಹಾಗಾದರೆ ಎಲ್ಲರೂ ಹಸ್ತ ಬಹಾರ್ ಏಕೆ ಹಿಡಿಯುವುದಿಲ್ಲ? ಚಳಿಗಾಲದಿಂದ ಬೇಸಿಗೆಯ ಬಾಗಿಲವರೆಗೆ ಅದಕ್ಕೆ ನೀರು ಕೊಡಬೇಕು. ಕೊಳವೆಬಾವಿ ಫೆಬ್ರುವರಿಗೇ ಬತ್ತುವ ಊರಿನಲ್ಲಿ ಅದು ಆಗದ ಮಾತು. ಮಳೆ ನಂಬಿ ಬೆಳೆಯುವವರಿಗೆ ಮೃಗ ಬಹಾರ್ ಒಂದೇ ದಾರಿ. ಇನ್ನೊಂದು ತೊಡಕು ಮಣ್ಣಿನದು. ಹಸ್ತ ಬಹಾರ್‌ಗೆ ಗಿಡವನ್ನು ಒಣಗಿಸಬೇಕಾದ ಹೊತ್ತಿಗೆ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ನೀರು ಹಿಡಿದಿಟ್ಟುಕೊಳ್ಳುವ ಎರೆಭೂಮಿಯಲ್ಲಂತೂ ಗಿಡ ಒಣಗುವುದೇ ಇಲ್ಲ, ಹೂ ಒಟ್ಟಿಗೆ ಬರುವುದಿಲ್ಲ. ಎಥ್ರೆಲ್ ಹೊಡೆದು ಎಲೆ ಉದುರಿಸುವ ಉಪಾಯವಿದೆ, ಆದರೆ ಅದಕ್ಕೂ ಖರ್ಚು, ಅನುಭವ ಎರಡೂ ಬೇಕು.

ಪರಿಣಾಮ ಏನೆಂದರೆ, ನೀರು ಕಡಿಮೆ ಇರುವ ಸಣ್ಣ ರೈತನೇ ರೋಗ ಹೆಚ್ಚಿರುವ ಹಂಗಾಮಿಗೆ ಬೀಳುತ್ತಾನೆ. ಅವನೇ ಔಷಧಿಯ ಮೇಲೆ ಹೆಚ್ಚು ನೆಚ್ಚಿಕೊಳ್ಳುತ್ತಾನೆ. ಔಷಧಿ ತೆಗೆದಾಗ ಮೊದಲು ಪೆಟ್ಟು ಬೀಳುವುದೂ ಅವನಿಗೇ. ನಿಷೇಧವನ್ನು ಸಮರ್ಥಿಸುವವರು ಈ ಸರಪಳಿಯನ್ನು ಕಣ್ಣು ಬಿಟ್ಟು ನೋಡಬೇಕು.

ನಿಷೇಧದ ಹಿಂದಿನ ಕಾರಣ

ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದು. ಕ್ಷಯಕ್ಕೆ ಪರಿಣಾಮ ತೋರಿದ ಮೊದಲ ಆ್ಯಂಟಿಬಯೊಟಿಕ್ ಅದು. ಅದು ಸೇರುವ ಔಷಧಿಗಳ ಗುಂಪನ್ನು ಮನುಷ್ಯರ ಚಿಕಿತ್ಸೆಗೆ ಅತಿ ಮುಖ್ಯವಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯ ರೋಗಿಗಳಿರುವ ದೇಶ ನಮ್ಮದು.

ತೋಟಕ್ಕೆ ಹೊಡೆದ ಔಷಧಿ ಎಲೆಯ ಮೇಲಷ್ಟೇ ನಿಲ್ಲುವುದಿಲ್ಲ. ಮಣ್ಣಿಗೆ, ನೀರಿಗೆ ಸೇರುತ್ತದೆ. ಅಲ್ಲಿರುವ ಅಸಂಖ್ಯ ದುಂಡಾಣುಗಳಲ್ಲಿ ಔಷಧಿಯನ್ನು ತಾಳಬಲ್ಲವು ಉಳಿಯುತ್ತವೆ, ಉಳಿದವು ಸಾಯುತ್ತವೆ. ತಾಳುವ ಗುಣ ಒಂದು ಜಾತಿಯೊಳಗೇ ಇರುತ್ತದೆಂಬ ಖಾತ್ರಿಯಿಲ್ಲ. ಒಂದು ದುಂಡಾಣುವಿನಿಂದ ಇನ್ನೊಂದಕ್ಕೆ ಜೀನ್‌ಗಳು ದಾಟಬಲ್ಲವು. ಸ್ಟ್ರೆಪ್ಟೊಮೈಸಿನ್ ತಾಳಿಕೊಳ್ಳಲು ನೆರವಾಗುವ ಒಂದೇ ಜೋಡಿ ಜೀನ್‌ಗಳು ಸೇಬಿನ ರೋಗ ತರುವ ದುಂಡಾಣುವಿನಲ್ಲೂ ಮನುಷ್ಯರಿಗೆ ರೋಗ ತರುವ ದುಂಡಾಣುಗಳಲ್ಲೂ ಕಂಡಿವೆ. ತೋಟ ಮತ್ತು ಆಸ್ಪತ್ರೆ ಬೇರೆ ಬೇರೆ ಲೋಕಗಳೆಂದು ನಾವು ಅಂದುಕೊಂಡರೂ ದುಂಡಾಣುಗಳಿಗೆ ಆ ಗಡಿ ಇಲ್ಲ.

ಔಷಧಿ ತೋಟದಲ್ಲೇ ಸೋತ ಉದಾಹರಣೆಯೂ ಇದೆ. ಸೇಬು, ಪೇರ್ ಹಣ್ಣಿನ ಬೆಂಕಿ ರೋಗಕ್ಕೆ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಳಸುತ್ತ ಬಂದರು. 1970ರ ದಶಕದ ಆರಂಭದಲ್ಲೇ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಅದಕ್ಕೆ ಬಗ್ಗದ ದುಂಡಾಣು ಕಾಣಿಸಿಕೊಂಡಿತು. ಅದೇ ದೇಶದಲ್ಲಿ 2021ರಲ್ಲಿ ಕಿತ್ತಳೆ ಜಾತಿಯ ಬೆಳೆಗಳಿಗೆ ಇದನ್ನು ಹೊಡೆಯಲು ಪರಿಸರ ಸಂಸ್ಥೆ ಕೊಟ್ಟ ಅನುಮತಿಯನ್ನು 2023ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಐರೋಪ್ಯ ಒಕ್ಕೂಟದಲ್ಲಿ ಬೆಳೆಗೆ ಇದನ್ನು ಹೊಡೆಯಲು ಅನುಮೋದನೆಯೇ ಇಲ್ಲ. ಆ ಮಾರುಕಟ್ಟೆಗೆ ಹಣ್ಣು ಕಳಿಸುವವರು ಇದನ್ನು ಮರೆಯುವಂತಿಲ್ಲ.

ಇಲ್ಲೊಂದು ಸಂಗತಿಯನ್ನು ಬಹಳ ಬೆಳೆಗಾರರಿಗೆ ಯಾರೂ ತಿಳಿಸಿಲ್ಲ. ಭಾರತದಲ್ಲಿ ಸ್ಟ್ರೆಪ್ಟೋಸೈಕ್ಲಿನ್ ಮಿಶ್ರಣ ನೋಂದಣಿಯಾಗಿದ್ದದ್ದು ಎಂಟು ಬೆಳೆಗಳಿಗೆ: ಸೇಬು, ಹುರುಳಿಕಾಯಿ, ನಿಂಬೆ ಜಾತಿಯ ಹಣ್ಣು, ಆಲೂಗಡ್ಡೆ, ತಂಬಾಕು, ಟೊಮೆಟೊ, ಭತ್ತ, ಚಹಾ. ಆ ಪಟ್ಟಿಯಲ್ಲಿ ದಾಳಿಂಬೆ ಇರಲಿಲ್ಲ. ಅತಿ ಹೆಚ್ಚು ಚರ್ಚೆಯಾಗುವ ಬಳಕೆಗೆ ಮೊದಲಿನಿಂದಲೂ ನೋಂದಣಿಯ ಬೆಂಬಲವಿರಲಿಲ್ಲ ಎಂದಾಯಿತು. ಆದರೂ ಶಿಫಾರಸು ನಡೆಯಿತು, ಮಾರಾಟ ನಡೆಯಿತು. ಈ ಸಡಿಲಿಕೆಗೆ ರೈತನನ್ನು ದೂರುವುದು ಅನ್ಯಾಯ.

ಬೆಳೆಗಾರರ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಅಂಗಮಾರಿಗೆ ಗುಣಪಡಿಸುವ ಮದ್ದು ಇನ್ನೊಂದಿಲ್ಲ, ಇರುವುದನ್ನೂ ಕಿತ್ತುಕೊಂಡರೆ ಹೇಗೆ ಎಂಬುದು ಅವರ ವಾದ. ಕೋಳಿ, ಸೀಗಡಿ ಸಾಕಣೆಯಲ್ಲಿ ಬಳಕೆಯಾಗುವ ಆ್ಯಂಟಿಬಯೊಟಿಕ್‌ಗೆ ಹೋಲಿಸಿದರೆ ತೋಟದ್ದು ಸ್ವಲ್ಪವೇ ಅಲ್ಲವೇ ಎಂದೂ ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಬಳಕೆ ಎಲ್ಲ ಕಡೆಯೂ ಇಳಿಯಬೇಕು, ಒಂದು ಕಡೆಯ ತಪ್ಪು ಇನ್ನೊಂದಕ್ಕೆ ರಹದಾರಿಯಾಗದು. ಮೊದಲನೆಯದು ಗಂಭೀರವಾದದ್ದು.

ಸ್ಟ್ರೆಪ್ಟೊಮೈಸಿನ್ ಅಂಗಮಾರಿಯನ್ನು ಗುಣಪಡಿಸುತ್ತದೆ ಎಂಬ ನಂಬಿಕೆಯೇ ಪೂರ್ತಿ ಸರಿಯಲ್ಲ. ಗಿಡದೊಳಗೆ ಅದು ಅಷ್ಟಾಗಿ ಹರಡುವುದಿಲ್ಲ. ಬಿಸಿಲಿಗೆ ಕ್ಷೀಣಿಸುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಬಹುಪಾಲು ಕೆಲಸ ಹೊರಮೈಯಲ್ಲೇ. ಅದೇ ಕೆಲಸವನ್ನು ತಾಮ್ರದ ಔಷಧಿಗಳೂ ಮಾಡುತ್ತವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಶೇ 1ರ ಬೋರ್ಡೋ ದ್ರಾವಣ ನಮಗೆ ಹೊಸದಲ್ಲ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಅದನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು. ಮಳೆ ಹಿಡಿಯುವ ಮುನ್ನ ಮದ್ದು ಹೊಡೆಯಬೇಕು, ಕೊಳೆ ಬಂದ ಮೇಲೆ ಹೊಡೆದು ಫಲವಿಲ್ಲ ಎಂಬುದು ಅಡಿಕೆ ಬೆಳೆಗಾರರಿಗೆ ಗೊತ್ತು. ದಾಳಿಂಬೆಗೂ ಅದೇ ನ್ಯಾಯ.

ತಾಮ್ರಕ್ಕೂ ಮಿತಿ ಇದೆ. ಪದೇ ಪದೇ ಹೊಡೆದರೆ ಮಣ್ಣಿನಲ್ಲಿ ಶೇಖರವಾಗುತ್ತದೆ, ಅದನ್ನೂ ತಾಳುವ ದುಂಡಾಣು ಹುಟ್ಟಬಹುದು, ಎಳೆ ಕಾಯಿಯ ಸಿಪ್ಪೆಗೆ ಕಲೆ ಬೀಳಬಹುದು. ಬ್ರೊನೊಪಾಲ್ ಎಂಬ ಸೋಂಕುನಿವಾರಕ, ಗಿಡದ ಸ್ವಂತ ಪ್ರತಿರೋಧ ಹೆಚ್ಚಿಸುವ ಸ್ಯಾಲಿಸಿಲಿಕ್ ಆಮ್ಲ ಇವೆಲ್ಲ ಬಳಕೆಯಲ್ಲಿವೆ. ಯಾವುದೂ ಒಂಟಿಯಾಗಿ ರೋಗ ನಿಲ್ಲಿಸದು. ರೋಗದ ಟೊಂಗೆಯನ್ನು ಗುರುತಿಗಿಂತ ಕೆಳಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ, ಕಸ ಸುಟ್ಟು, ವಿಶ್ರಾಂತಿ ಕೊಟ್ಟ ತೋಟದಲ್ಲಿ ಇವು ಕೆಲಸ ಮಾಡುತ್ತವೆ. ಅಷ್ಟನ್ನು ಮಾಡದ ತೋಟದಲ್ಲಿ ಆ್ಯಂಟಿಬಯೊಟಿಕ್ ಕೂಡ ಸೋತಿತ್ತು.

ಒಬ್ಬನ ತೋಟ ಸ್ವಚ್ಛವಾದರೆ ಸಾಕೇ?

ಸಾಲದು. ಫ್ಲೋರಿಡಾದ ಅನುಭವ ಇದನ್ನು ಕಟುವಾಗಿ ಕಲಿಸಿತು. ಅಲ್ಲಿ ಕಿತ್ತಳೆ ಜಾತಿಯ ಕಜ್ಜಿ ರೋಗವನ್ನು ನಿರ್ಮೂಲ ಮಾಡಲು, ರೋಗದ ಮರ ಕಂಡಲ್ಲಿಂದ ಸುತ್ತಲೂ 1,900 ಅಡಿ ದೂರದೊಳಗಿನ ಆ ಜಾತಿಯ ಎಲ್ಲ ಮರಗಳನ್ನೂ ಕಡಿಯುವ ನಿಯಮ ತಂದರು. ಮನೆಯ ಹಿತ್ತಲಿನ ಮರಗಳನ್ನೂ ಬಿಡಲಿಲ್ಲ. ಜನ ಕೋರ್ಟಿಗೆ ಹೋದರು, ಕಡಿಯುವುದು ತಡವಾಯಿತು. ಅಷ್ಟರಲ್ಲಿ 2004 ಮತ್ತು 2005ರ ಚಂಡಮಾರುತಗಳು ಮಳೆಗಾಳಿಯೊಂದಿಗೆ ದುಂಡಾಣುವನ್ನು ಎಲ್ಲೆಡೆ ಎರಚಿದವು. 2006ರ ಜನವರಿಯಲ್ಲಿ ನಿರ್ಮೂಲನ ಯೋಜನೆಯನ್ನೇ ಕೈಬಿಡಬೇಕಾಯಿತು.

ಎರಡು ಎಕರೆ, ಮೂರು ಎಕರೆಯ ತೋಟಗಳು ಬದುವಿಗೆ ಬದು ತಾಗಿಕೊಂಡಿರುವ ನಮ್ಮಲ್ಲಿ ಕಡಿಯುವ ನಿಯಮ ನಡೆಯದು, ನಡೆಯಲೂಬಾರದು. ಆದರೆ ಒಂದು ಊರಿನ ಬೆಳೆಗಾರರೆಲ್ಲ ಒಂದೇ ಬಹಾರ್ ಹಿಡಿದು, ಒಂದೇ ಕಾಲಕ್ಕೆ ವಿಶ್ರಾಂತಿ ಕೊಟ್ಟು, ಪಾಳುಬಿಟ್ಟ ರೋಗದ ತೋಟವನ್ನು ಸೇರಿ ಸ್ವಚ್ಛ ಮಾಡುವುದು ಸಾಧ್ಯ. ಪಾಳು ತೋಟದ ಮಾಲೀಕ ಸಾಲದಲ್ಲಿ ಮುಳುಗಿ ಊರು ಬಿಟ್ಟಿರಬಹುದು. ಅಲ್ಲಿ ಕೂಲಿ ಖರ್ಚನ್ನು ಸರ್ಕಾರವೇ ಹೊರುವುದು ನ್ಯಾಯ, ಏಕೆಂದರೆ ಆ ತೋಟದ ರೋಗ ಊರಿಗೆಲ್ಲ ಹಬ್ಬುತ್ತದೆ.

ಸೊರಗು ರೋಗವನ್ನು ಇದರೊಡನೆ ಕಲೆಸಬೇಡಿ

ದಾಳಿಂಬೆಯ ಸೊರಗು ರೋಗ ಬೇರೆಯೇ. 1990ರಲ್ಲಿ ಅದು ಗಮನಕ್ಕೆ ಬಂದದ್ದು ಆಗಿನ ವಿಜಾಪುರ ಜಿಲ್ಲೆಯಲ್ಲೇ. ಅದಕ್ಕೆ ಮುಖ್ಯ ಕಾರಣ ಸೆರಟೊಸಿಸ್ಟಿಸ್ ಎಂಬ ಶಿಲೀಂಧ್ರ. ಮೊದಲು ಒಂದು ಟೊಂಗೆ ಹಳದಿಯಾಗಿ, ಆಮೇಲೆ ಇಡೀ ಗಿಡ ಒಣಗುತ್ತದೆ. ಕಾಂಡ ಕೊಯ್ದು ನೋಡಿದರೆ ಒಳಗೆ ಬೂದುಮಿಶ್ರಿತ ಕಂದು ಬಣ್ಣ. ಮಣ್ಣು, ಬೇರು, ಕಾಂಡ ಕೊರೆಯುವ ಹುಳು, ಸೋಂಕಿತ ಸಸಿ ಇದರ ದಾರಿಗಳು. ಎಲೆಗೆ ಹೊಡೆದ ಯಾವ ಮದ್ದೂ ಇದಕ್ಕೆ ತಾಕುವುದಿಲ್ಲ, ಆ್ಯಂಟಿಬಯೊಟಿಕ್ ಅಂತೂ ಪೂರ್ತಿ ವ್ಯರ್ಥ. ಸತ್ತ ಗಿಡವನ್ನು ಸಾಲಿನ ನಡುವೆ ಎಳೆದುಕೊಂಡು ಹೋಗದೆ ಅಲ್ಲಿಯೇ ಕಿತ್ತು ಸುಡುವುದು, ಸುತ್ತಲಿನ ಗಿಡಗಳ ಬುಡಕ್ಕೆ ತಜ್ಞರು ಹೇಳಿದ ಶಿಲೀಂಧ್ರನಾಶಕ ಸುರಿಯುವುದು ಇದಕ್ಕೆ ಕ್ರಮ.

ಮುಂದೆ ಏನಾಗಬಹುದು

ಆ್ಯಂಟಿಬಯೊಟಿಕ್ ಹಿಂದೆ ಸರಿದಾಗ ತೆರವಾಗುವ ಜಾಗಕ್ಕೆ ಹೆಸರಿಲ್ಲದ ಬಾಟಲಿಗಳು ನುಗ್ಗುವ ಅಪಾಯವಿದೆ. ಒಳಗೇನಿದೆ ಎಂದು ಬರೆಯದೆ, ಜೈವಿಕ ಎಂಬ ಹಣೆಪಟ್ಟಿ ಹೊತ್ತು ಬರುವ ಉತ್ಪನ್ನದಲ್ಲಿ ನಿಷೇಧಿತ ವಸ್ತುವೇ ಇದ್ದರೂ ರೈತನಿಗೆ ತಿಳಿಯದು. ಹಣ್ಣಿನಲ್ಲಿ ಅದರ ಶೇಷ ಸಿಕ್ಕರೆ ತಿರಸ್ಕಾರವಾಗುವುದು ಅವನ ಮಾಲು. ಅಂಗಡಿಗಳ ಮಾದರಿ ತೆಗೆದು ಪರೀಕ್ಷಿಸುವ ಕೆಲಸ ಕೃಷಿ ಇಲಾಖೆಯದು. ಬಿಲ್ ಕೇಳಿ ಪಡೆಯುವುದು, ಬಾಟಲಿಯ ಮೇಲೆ ನೋಂದಣಿ ಸಂಖ್ಯೆ ನೋಡುವುದು ಬೆಳೆಗಾರನ ಕೈಯಲ್ಲಿದೆ.

ಹೆಚ್ಚು ಭರವಸೆ ಇರುವುದು ಸಸಿಯ ವಿಷಯದಲ್ಲಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 1,765.67 ಕೋಟಿ ರೂಪಾಯಿಯ ಕ್ಲೀನ್ ಪ್ಲಾಂಟ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಒಂಬತ್ತು ಕೇಂದ್ರಗಳಲ್ಲಿ ದಾಳಿಂಬೆಯದು ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದಲ್ಲಿ, ಮಾವು, ಸೀಬೆಯಂಥವುಗಳದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬರಬೇಕು. ಯೋಜನೆಯ ಘೋಷಣೆ ಒತ್ತು ಕೊಟ್ಟಿರುವುದು ವೈರಸ್‌ಮುಕ್ತ ಸಸಿಗಳಿಗೆ. ದಾಳಿಂಬೆಗೆ ಅಷ್ಟು ಸಾಲದು. ತಾಯಿ ಗಿಡಗಳಲ್ಲಿ ಅಂಗಮಾರಿಯ ದುಂಡಾಣು, ಸೊರಗಿನ ಶಿಲೀಂಧ್ರ ಎರಡಕ್ಕೂ ಪರೀಕ್ಷೆ ಕಡ್ಡಾಯವಾಗಬೇಕು. ಬೆಳೆಗಾರರ ಸಂಘಗಳು ಈಗಲೇ ಒತ್ತಾಯಿಸಬೇಕಾದ ಬೇಡಿಕೆ ಇದು.

ಆ ಸಸಿಗಳು ತಾಯಿ ಗಿಡದಿಂದ ನರ್ಸರಿಗೆ, ನರ್ಸರಿಯಿಂದ ಹೊಲಕ್ಕೆ ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಹೊಸ ತೋಟ ಹಾಕುವವರು ರೋಗದ ಊರಿನ ಗೂಟಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರದೆ, ಪ್ರಮಾಣೀಕೃತ ಅಂಗಾಂಶ ಕೃಷಿ ಸಸಿಗೆ ಹೆಚ್ಚು ಬೆಲೆ ಕೊಡುವುದು ಒಳಿತು. ಮೃಗ ಬಹಾರ್ ಬಿಟ್ಟು ಬೇರೆ ದಾರಿಯಿಲ್ಲದವರಿಗೆ ಕೃಷಿಹೊಂಡ, ನೀರು ಆವಿಯಾಗದಂತೆ ಹೊದಿಕೆಗೆ ಸಿಗುವ ಸಹಾಯಧನವನ್ನು ರೋಗ ಹತೋಟಿಯ ಖರ್ಚೆಂದೇ ಲೆಕ್ಕ ಹಾಕಿ ಆದ್ಯತೆಯಲ್ಲಿ ಕೊಡಬೇಕು. ಸಂಗ್ರಹಿಸಿದ ಮಳೆನೀರು ಎರಡು ತಿಂಗಳು ಹೆಚ್ಚು ಬಂದರೂ ಸಾಕು, ಒಬ್ಬ ರೈತ ಮೃಗದಿಂದ ಹಸ್ತಕ್ಕೆ ಬಹಾರ್ ಬದಲಿಸುವ ಧೈರ್ಯ ಮಾಡಬಲ್ಲ.